ಕೇಮನ್‌ನ ಶಾಕ್ ಸೋರುತ್ತಿದೆ: ಪಿಎಎಸ್‌ಎಂ ಉಳಿಸಿಕೊಳ್ಳಲೋ, ಕಿತ್ತು ಸಾದಾ ಹಾಕಿಸಲೋ?

ಕಟಪಾಡಿ ಕೂಪೆ
ಮೊದಲೇ ಹೇಳಿಬಿಡುತ್ತೇನೆ. "ಆ ದುಡ್ಡಿಗೆ ಒಂದು ಕ್ರೆಟಾ ಬರುತ್ತಿತ್ತು" ಎಂಬ ಮಾತನ್ನು ಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳುತ್ತೇನೆ. ಮೂರನೆಯ ಸಲ ಇಲ್ಲಿ ಬೇಡ.

ಗಾಡಿ 2010ರ ಪೋರ್ಷೆ ಕೇಮನ್ ಎಸ್, 3.4 ಲೀಟರ್ ಎಂಜಿನ್, 320 ಅಶ್ವಶಕ್ತಿ. ಬೆಂಗಳೂರಿನಿಂದ ತಂದು ಮೂರು ವರ್ಷವಾಯಿತು, ಓಡಿದ್ದು 61,000 ಕಿ.ಮೀ. ವಾರದಲ್ಲಿ ನಾಲ್ಕು ದಿನ ಕಟಪಾಡಿಯಿಂದ ಮಣಿಪಾಲಕ್ಕೆ ಹೋಗಿ ಬರುತ್ತದೆ. ಭಾನುವಾರ ಬೆಳಿಗ್ಗೆ ಮಳೆ ಇಲ್ಲದಿದ್ದರೆ ಹೆಬ್ರಿ ಮಾರ್ಗವಾಗಿ ಆಗುಂಬೆ ಹತ್ತಿಸಿ, ಮೇಲೆ ಚಹಾ ಕುಡಿದು ಇಳಿಯುತ್ತೇನೆ.

ಕಳೆದ ವಾರ ತೊಳೆಯುವಾಗ ನೋಡಿದರೆ ಹಿಂದಿನ ಬಲಗಡೆಯ ಶಾಕ್ ಮೈತುಂಬ ಎಣ್ಣೆ. ಮುಂದಿನ ಎಡಗಡೆ ಹಂಪ್ ಇಳಿಯುವಾಗ 'ಟಕ್' ಎನ್ನುತ್ತದೆ. ಇದರಲ್ಲಿರುವುದು ಪಿಎಎಸ್‌ಎಂ (ಪೋರ್ಷೆ ಆ್ಯಕ್ಟಿವ್ ಸಸ್ಪೆನ್ಷನ್ ಮ್ಯಾನೇಜ್‌ಮೆಂಟ್), ಅಂದರೆ ಗಟ್ಟಿ ಮೆದುವನ್ನು ತಾನೇ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಶಾಕ್. ಸ್ಪೋರ್ಟ್ ಗುಂಡಿ ಒತ್ತಿದರೂ ಒತ್ತದಿದ್ದರೂ ಈಗ ಒಂದೇ ಥರ. ಹದಿನೈದು ವರ್ಷದ ಗಾಡಿ, ಉಪ್ಪುಗಾಳಿ, ನಮ್ಮ ರಸ್ತೆ. ದೂರಲು ಯಾರೂ ಇಲ್ಲ.

ನನ್ನ ಮುಂದಿರುವ ದಾರಿಗಳು: ಮೂಲ ಪಿಎಎಸ್‌ಎಂ ಶಾಕ್‌ಗಳನ್ನೇ ಮತ್ತೆ ಹಾಕಿಸುವುದು, ಬಿಲ್‌ಸ್ಟೈನ್ ಕಂಪನಿಯ ಎಲೆಕ್ಟ್ರಾನಿಕ್ ಶಾಕ್ ಡ್ಯಾಂಪ್‌ಟ್ರಾನಿಕ್ ಹಾಕಿಸುವುದು (ಬಿ6 ಅಥವಾ ಬಿ16 ಮಾದರಿ), ಇಲ್ಲವೇ ಎಲೆಕ್ಟ್ರಾನಿಕ್ಸ್‌ನ ಸಹವಾಸ ಬಿಟ್ಟು ಒಳ್ಳೆಯ ಸಾದಾ ಶಾಕ್. ಐದು ಲಕ್ಷದೊಳಗೆ ಮುಗಿಯಬೇಕು. ಅನುಭವ ಇರುವವರು ಹೇಳಿ.

ಮಲ್ಪೆ ಬಂಗುಡೆ
ಕ್ರೆಟಾ ಬರುತ್ತಿತ್ತು.

ಬೈಕಂಪಾಡಿ ಬೋಲ್ಟ್
ಶಾಕ್ ಆಯ್ಕೆ ಆಮೇಲೆ. ಮೊದಲು ಗಾಡಿ ಎತ್ತಿ ನೋಡಿದ್ದೀರಾ?

ಶಾಕ್ ಬೆವರುವುದು ಬೇರೆ, ಸೋರುವುದು ಬೇರೆ. ಮೇಲ್ಭಾಗದಲ್ಲಿ ತೆಳುವಾಗಿ ಧೂಳು ಅಂಟಿದ್ದರೆ ಅದು ಬೆವರು, ಇನ್ನೂ ಕಾಲ ಇದೆ. ಎಣ್ಣೆ ಕೆಳಗಿನ ಬ್ರ್ಯಾಕೆಟ್‌ವರೆಗೆ ಇಳಿದಿದ್ದರೆ ಅದರ ಕಥೆ ಮುಗಿಯಿತು. ಬಾನೆಟ್ ಒತ್ತಿ ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಹಳೆಯ ಪರೀಕ್ಷೆ ಇಂಥ ಗಟ್ಟಿ ಸ್ಪ್ರಿಂಗ್‌ನ ಗಾಡಿಗೆ ಪ್ರಯೋಜನವಿಲ್ಲ.

ಮುಂದಿನ 'ಟಕ್' ಶಾಕ್‌ನದ್ದು ಎಂದು ನನಗೆ ಅನ್ನಿಸುವುದಿಲ್ಲ. 987ರಲ್ಲಿ, ಅಂದರೆ ನಿಮ್ಮ ಪೀಳಿಗೆಯ ಕೇಮನ್‌ನಲ್ಲಿ, ಕೆಳಗಿನ ಆರ್ಮ್ ಒಂದಿದೆ, ಅದರ ಆಕಾರ ನೋಡಿ ಲೋಕವೆಲ್ಲ 'ಕಾಫಿನ್ ಆರ್ಮ್' ಎನ್ನುತ್ತದೆ, ಅಂದರೆ ಶವಪೆಟ್ಟಿಗೆ. ಈ ವಯಸ್ಸಿಗೆ ಅದರ ರಬ್ಬರ್ ಬುಶ್ ಹರಿಯುತ್ತದೆ. ಅದರ ಜೊತೆಗೆ ಟಾಪ್ ಮೌಂಟ್, ಬಂಪ್ ಸ್ಟಾಪ್, ಆ್ಯಂಟಿ ರೋಲ್ ಬಾರ್‌ನ ಲಿಂಕ್ ಎಲ್ಲವನ್ನೂ ನೋಡಿಸಿ. ಬುಶ್ ಹೋದ ಗಾಡಿಗೆ ಲಕ್ಷದ ಶಾಕ್ ಹಾಕುವುದು ಹರಿದ ಚಪ್ಪಲಿಗೆ ಪಾಲಿಶ್ ಮಾಡಿದ ಹಾಗೆ.

ಟೈರ್‌ನ ವಯಸ್ಸೆಷ್ಟು? ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯ ಎರಡು ವರ್ಷ. ಅದನ್ನು ಓದಿ ಹೇಳಿ.

ಸೋಮೇಶ್ವರ ಸ್ಟೀರಿಂಗ್
ಮೂರನೆಯ ದಾರಿ. ಕಣ್ಣು ಮುಚ್ಚಿ ಮೂರನೆಯ ದಾರಿ. ನನ್ನದು 2011ರ ನಿಸಾನ್ 370ಝಡ್. ಅದರ ಶಾಕ್‌ನಲ್ಲಿ ಒಂದು ವೈರ್ ಇಲ್ಲ, ಒಂದು ಸೆನ್ಸರ್ ಇಲ್ಲ, ಶಿರಾಡಿಯಲ್ಲಿ ಏನಾಗುತ್ತಿದೆ ಎಂದು ಬೆನ್ನಿಗೆ ನೇರವಾಗಿ ತಿಳಿಯುತ್ತದೆ. ಕಂಪ್ಯೂಟರ್ ಗಾಡಿ ಓಡಿಸುವುದಾದರೆ ನಾವು ಬಸ್ಸಿನಲ್ಲಿ ಹೋಗಬಹುದು. ಹಳೆಯ ಗಾಡಿಯನ್ನು ಸರಳಗೊಳಿಸಿದಷ್ಟೂ ಆಯುಸ್ಸು ಹೆಚ್ಚು.

ನಂತೂರು ನಿತ್ಯಪಯಣಿಗ
370ಝಡ್ ಇಟ್ಟುಕೊಂಡು ನಂತೂರು ವೃತ್ತದ ಸಂಜೆಯ ಟ್ರಾಫಿಕ್ ದಾಟುತ್ತೀರಿ ಎಂದಾದರೆ ನಿಮಗೆ ಶಾಕ್ ಬೇಡ, ಪ್ರಶಸ್ತಿ ಬೇಕು.

ಸುರತ್ಕಲ್ ಸ್ಪ್ರಿಂಗ್
ಸೋಮೇಶ್ವರದವರು ಎರಡು ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ, ಬಿಡಿಸುತ್ತೇನೆ.

ಪಿಎಎಸ್‌ಎಂ 'ಆ್ಯಕ್ಟಿವ್' ಸಸ್ಪೆನ್ಷನ್ ಅಲ್ಲ, ಹೆಸರಿನಲ್ಲಿ ಆ ಪದ ಇದ್ದರೂ. ಅದು ಗಾಡಿಯನ್ನು ಎತ್ತುವುದಿಲ್ಲ, ತಳ್ಳುವುದಿಲ್ಲ. ಸ್ಪ್ರಿಂಗ್ ಯಾವಾಗಲೂ ಒಂದೇ. ಶಾಕ್‌ನ ಒಳಗೆ ಎಣ್ಣೆ ಹರಿಯುವ ದಾರಿಯನ್ನು ವಿದ್ಯುತ್ ಕವಾಟವೊಂದು ಕಿರಿದು ಮಾಡುತ್ತದೆ ಅಥವಾ ಅಗಲಿಸುತ್ತದೆ, ಅಷ್ಟೇ. ಗಾಡಿಯ ಮೈ ಹೇಗೆ ಮೇಲೆ ಕೆಳಗೆ ಹೋಗುತ್ತಿದೆ, ಸ್ಟೀರಿಂಗ್ ಎಷ್ಟು ತಿರುಗಿದೆ, ಬ್ರೇಕ್ ಎಷ್ಟು ಒತ್ತಿದೆ ಎಂಬುದನ್ನು ನೋಡಿ ಕಂಪ್ಯೂಟರ್ ಆ ಕವಾಟಕ್ಕೆ ಹೇಳುತ್ತದೆ. ಓಡಿಸುವವರು ನೀವೇ.

ಇದರಿಂದ ಏನು ಲಾಭ? ಸಾದಾ ಶಾಕ್ ತಯಾರಿಸುವವನು ಒಂದೇ ಸಲ ತೀರ್ಮಾನಿಸಬೇಕು, ಹೊಂಡಕ್ಕೋ ತಿರುವಿಗೋ ಎಂದು. ಮೆದು ಮಾಡಿದರೆ ಘಾಟಿಯಲ್ಲಿ ಮೈ ತೂಗುತ್ತದೆ, ಗಟ್ಟಿ ಮಾಡಿದರೆ ಪಡುಬಿದ್ರಿಯಲ್ಲಿ ಹಲ್ಲು ಕಡಿಯಬೇಕು. ಬೇಕಾದಾಗ ಮಾತ್ರ ಗಟ್ಟಿಯಾಗುವ ಶಾಕ್ ಈ ಜಗಳವನ್ನು ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಬಿಡಿಸುತ್ತದೆ. 1974ರಲ್ಲಿ ಕಾರ್ನಾಪ್ ಮತ್ತು ಸಂಗಡಿಗರು 'ಸ್ಕೈಹುಕ್' ಲೆಕ್ಕ ಬರೆದಾಗಿನಿಂದ ಇದರ ಗಣಿತ ಗೊತ್ತಿದೆ. ಗಾಡಿಯನ್ನು ಆಕಾಶಕ್ಕೆ ಕೊಕ್ಕೆ ಹಾಕಿ ನೇತು ಹಾಕಿದರೆ ಎಷ್ಟು ಅಲ್ಲಾಡದೆ ಇರುತ್ತದೋ ಅದರ ಹತ್ತಿರ ಹೋಗುವುದು ಅದರ ಗುರಿ.

ಹಳೇ ಅಂಬಾಸಿಡರ್
ಮಕ್ಕಳೇ, 1955ರ ಸಿಟ್ರೋಯೆನ್ ಡಿಎಸ್‌ನಲ್ಲಿ ಎಣ್ಣೆ ಮತ್ತು ಗ್ಯಾಸ್ ಸೇರಿಸಿ ಮಾಡಿದ ಸಸ್ಪೆನ್ಷನ್ ಇತ್ತು, ಎಂಜಿನ್ ಶುರು ಮಾಡಿದರೆ ಗಾಡಿ ಒಂಟೆಯ ಹಾಗೆ ಮೇಲೇಳುತ್ತಿತ್ತು. ನಮಗೆ ಸಿಕ್ಕಿದ್ದು ಅಂಬಾಸಿಡರ್. ಹಿಂದೆ ಲೀಫ್ ಸ್ಪ್ರಿಂಗ್, ಒಳಗೆ ಒಂಬತ್ತು ಜನ. ಸಸ್ಪೆನ್ಷನ್ ಗಟ್ಟಿಯಾಗಬೇಕಿದ್ದರೆ ಇಬ್ಬರನ್ನು ಇಳಿಸುತ್ತಿದ್ದೆವು, ಮೆದುವಾಗಬೇಕಿದ್ದರೆ ಇಬ್ಬರನ್ನು ಹತ್ತಿಸುತ್ತಿದ್ದೆವು. ಇದೂ ಅಡಾಪ್ಟಿವ್ ಅಲ್ಲವೇ?

ಮಲ್ಪೆ ಬಂಗುಡೆ
ಅಜ್ಜನ ಉತ್ತರಕ್ಕೆ ಒಂದು ಗಡ್‌ಬಡ್ ಐಸ್‌ಕ್ರೀಂ ನನ್ನ ಲೆಕ್ಕದಲ್ಲಿ.

ಸೋಮೇಶ್ವರ ಸ್ಟೀರಿಂಗ್
ಸುರತ್ಕಲ್‌ನವರೇ, ಪಾಠ ಚೆನ್ನಾಗಿತ್ತು. ಆದರೆ ಪ್ರಶ್ನೆ ಇರುವುದು ಹೊಸ ಗಾಡಿಯ ಬಗ್ಗೆ ಅಲ್ಲ, ಹದಿನೈದು ವರ್ಷದ ಗಾಡಿಯ ಬಗ್ಗೆ. ಕವಾಟ, ವೈರ್, ಕನೆಕ್ಟರ್, ಸೆನ್ಸರ್, ಕಂಟ್ರೋಲ್ ಯೂನಿಟ್, ಇವುಗಳಲ್ಲಿ ಯಾವುದು ಕೆಟ್ಟರೂ ದೀಪ ಹತ್ತುತ್ತದೆ. ನಮ್ಮ ಊರಿನಲ್ಲಿ ಕಬ್ಬಿಣದ ಗೇಟ್ ನಾಲ್ಕು ಮಳೆಗಾಲ ತಾಳುವುದಿಲ್ಲ, ತಾಮ್ರದ ಪಿನ್ ತಾಳುತ್ತದೆಯೇ?

ಅಬುಧಾಬಿಯಿಂದ ಅಣ್ಣ
ನನ್ನ ಹಳೆಯ 911ರಲ್ಲಿ (997 ಪೀಳಿಗೆ, ಪಿಎಎಸ್‌ಎಂ ಇದ್ದದ್ದು) ಬಿ16 ಡ್ಯಾಂಪ್‌ಟ್ರಾನಿಕ್ ಐದು ವರ್ಷ ಓಡಿಸಿದ್ದೇನೆ. ಇಲ್ಲಿಯ ರಸ್ತೆಗೆ ಬಂಗಾರ. ಮೂಲ ಪ್ಲಗ್‌ಗೆ ಸಿಕ್ಕಿಸಿದರೆ ಆಯಿತು, ಸ್ಪೋರ್ಟ್ ಗುಂಡಿ ಮೊದಲಿನಂತೆ ಕೆಲಸ ಮಾಡುತ್ತದೆ, ದೀಪ ಹತ್ತುವುದಿಲ್ಲ. ಪೋರ್ಷೆ ಪಿಎಎಸ್‌ಎಂ ಎಂದು ಕರೆಯುವ ತಂತ್ರವನ್ನೇ ಬಿಲ್‌ಸ್ಟೈನ್ ಡ್ಯಾಂಪ್‌ಟ್ರಾನಿಕ್ ಎಂಬ ಹೆಸರಿನಲ್ಲಿ ಮಾರುತ್ತದೆ.

ಆದರೆ ಊರಿಗೆ ಬಿ16 ತರಬೇಡಿ ತಮ್ಮಾ. ಅದು ಕಾಯಿಲ್‌ಓವರ್, ಸ್ಪ್ರಿಂಗ್ ಸಮೇತ ಬರುತ್ತದೆ, ಎತ್ತರ ಹೊಂದಿಸಬಹುದು. ಹೊಂದಿಸಬಹುದು ಎಂದರೆ ಇಳಿಸಬಹುದು ಎಂದರ್ಥ. ಪಿಎಎಸ್‌ಎಂ ಗಾಡಿ ಸಾದಾ ಗಾಡಿಗಿಂತ ಈಗಾಗಲೇ 10 ಮಿ.ಮೀ. ತಗ್ಗಿ ಕೂತಿದೆ. ರಜೆಯಲ್ಲಿ ಬಂದಾಗ ನಮ್ಮ ಓಣಿಯ ಮೂರು ಹಂಪ್ ನೋಡಿಯೇ ನಾನು ಸ್ಕೂಟರ್ ಹಿಡಿಯುತ್ತೇನೆ. ನಿಮಗೆ ಬಿ6. ಮೂಲ ಸ್ಪ್ರಿಂಗ್ ಉಳಿಯುತ್ತದೆ, ಮೂಲ ಎತ್ತರ ಉಳಿಯುತ್ತದೆ, ಶಾಕ್ ಮಾತ್ರ ಹೊಸದು.

ನಂತೂರು ನಿತ್ಯಪಯಣಿಗ
ಹಂಪ್ ಎಂದಾಗ ನೆನಪಾಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, 25 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ದಾಟುವಂತೆ. ನಮ್ಮ ಕಾಲೊನಿಯದ್ದು ಎತ್ತರದಲ್ಲಿ ಮಾರ್ಗಸೂಚಿಗಿಂತ ಉದಾರಿ, ಅಗಲದಲ್ಲಿ ಮಹಾ ಜಿಪುಣ. ಮಲಗಿದ ಎಮ್ಮೆಯ ಬೆನ್ನಿನ ಹಾಗಿದೆ.

ಹಳೇ ಅಂಬಾಸಿಡರ್
ಎಮ್ಮೆಯಾದರೆ ಹಾರ್ನ್ ಹೊಡೆದರೆ ಏಳುತ್ತದೆ.

ಕಿನ್ನಿಗೋಳಿ ಕ್ಲಚ್
ನಾನು ಹೊಸಬ. ಟೈನ್ ಕಂಪನಿಯ ಇಡಿಎಫ್‌ಸಿ ಎಂಬ ಪೆಟ್ಟಿಗೆ ಇದೆಯಲ್ಲ, ಡ್ಯಾಶ್‌ಬೋರ್ಡ್‌ನಿಂದಲೇ ಶಾಕ್ ಗಟ್ಟಿ ಮೆದು ಮಾಡುವುದು, ಅದು ಅಗ್ಗವಾಗುವುದಿಲ್ಲವೇ? ಇನ್ನೊಂದು, ಅಣ್ಣನ ಗೆಳೆಯರೊಬ್ಬರ ಆಡಿ ಟಿಟಿಯ ಮ್ಯಾಗ್ನೆಟಿಕ್ ಶಾಕ್ ಮಾರಾಟಕ್ಕಿದೆಯಂತೆ. ಅದನ್ನು ಕೇಮನ್‌ಗೆ ಕೂರಿಸಬಹುದೇ?

ಸುರತ್ಕಲ್ ಸ್ಪ್ರಿಂಗ್
ಮೊದಲನೆಯದು: ಇಡಿಎಫ್‌ಸಿ ಶಾಕ್ ಅಲ್ಲ. ಟೈನ್‌ನದ್ದೇ ಹೊಂದಾಣಿಕೆಯ ಶಾಕ್‌ನ ನೆತ್ತಿಯಲ್ಲಿರುವ ತಿರುಪನ್ನು ತಿರುಗಿಸುವ ಪುಟ್ಟ ಮೋಟಾರ್ ಅದು. ನೀವು ಕೈಯಿಂದ ತಿರುಗಿಸುವುದನ್ನು ಅದು ತಿರುಗಿಸುತ್ತದೆ. ಟೈನ್ ಶಾಕ್ ಇರುವ ಜಪಾನಿ ಗಾಡಿಗೆ ಚೆಂದ, ಇಲ್ಲಿ ಸಂಬಂಧವಿಲ್ಲ.

ಎರಡನೆಯದು: ದಯವಿಟ್ಟು ಬೇಡ. ಮ್ಯಾಗ್ನೆಟಿಕ್ ಶಾಕ್‌ನಲ್ಲಿ ಕವಾಟವೇ ಇಲ್ಲ. ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ, ಪಿಸ್ಟನ್‌ನಲ್ಲಿರುವ ಕಾಯಿಲ್‌ಗೆ ವಿದ್ಯುತ್ ಕೊಟ್ಟರೆ ಕಣಗಳು ಸಾಲುಗಟ್ಟಿ ಎಣ್ಣೆ ಕ್ಷಣಾರ್ಧದಲ್ಲಿ ಮಂದವಾಗುತ್ತದೆ. 2002ರಲ್ಲಿ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಮೊದಲು ಬಂತು, ಟಿಟಿಗೆ 2006ರಲ್ಲಿ. ಅದಕ್ಕೆ ಅದರದೇ ಸೆನ್ಸರ್, ಅದರದೇ ಕಂಪ್ಯೂಟರ್ ಬೇಕು. ಕೇಮನ್‌ನ ಪ್ಲಗ್‌ಗೆ ಸಿಕ್ಕಿಸಿದರೆ ಎರಡೂ ಪರಸ್ಪರ ಮುಖ ನೋಡಿಕೊಂಡು ಕೂರುತ್ತವೆ.

ಅಂದ ಹಾಗೆ, ಇಂಥ ಮ್ಯಾಗ್ನೆಟಿಕ್ ಶಾಕ್‌ಗಳ (ಎಂಆರ್ ಡ್ಯಾಂಪರ್) ಮೇಲೆ ನಮ್ಮ ಎನ್‌ಐಟಿಕೆಯ ಮೆಕ್ಯಾನಿಕಲ್ ವಿಭಾಗದಲ್ಲೂ ಸಂಶೋಧನೆ ನಡೆದಿದೆ. ಕಡಲ ತೀರದ ಲೈಟ್‌ಹೌಸ್ ನೋಡಲು ಬರುವವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಹೇಳಿದೆ.

ಸೋಮೇಶ್ವರ ಸ್ಟೀರಿಂಗ್
ಆ್ಯಕ್ಟಿವ್ ಎಂದಾಗ ಫಾರ್ಮುಲಾ ಒನ್ ನೆನಪಾಗದೆ ಇರುತ್ತದೆಯೇ! 1987ರಲ್ಲಿ ಸೆನ್ನಾ ಮೊನಾಕೊ ಗೆದ್ದದ್ದು ಆ್ಯಕ್ಟಿವ್ ಸಸ್ಪೆನ್ಷನ್‌ನ ಲೋಟಸ್‌ನಲ್ಲಿ. 1992ರಲ್ಲಿ ವಿಲಿಯಮ್ಸ್ ಎಫ್‌ಡಬ್ಲ್ಯು14ಬಿ ಎಲ್ಲರನ್ನೂ ಗುಡಿಸಿ ಹಾಕಿತು. 1994ಕ್ಕೆ ನಿಷೇಧ. ಕಂಪ್ಯೂಟರ್ ಹೆಚ್ಚಾದರೆ ಆಟ ಕೆಡುತ್ತದೆ ಎಂದು ಅವರಿಗೇ ಅರ್ಥವಾಯಿತು.

ಅಬುಧಾಬಿಯಿಂದ ಅಣ್ಣ
ನಿಷೇಧ ಮಾಡಿದ್ದು ಅದು ಕೆಲಸ ಮಾಡದ್ದಕ್ಕಲ್ಲ, ವಿಪರೀತ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ. ನಿಮ್ಮ ಉದಾಹರಣೆ ನಿಮ್ಮನ್ನೇ ಒದೆಯುತ್ತಿದೆ ಮಾರಾಯರೇ.

ಮಣಿಪಾಲದ ಮೂಳೆ ವೈದ್ಯ
ಗಾಡಿಯ ಬಗ್ಗೆ ನನಗೆ ಗೊತ್ತಿಲ್ಲ, ಒಳಗೆ ಕೂರುವ ಬೆನ್ನಿನ ಬಗ್ಗೆ ಗೊತ್ತಿದೆ. ಕುಳಿತ ಮನುಷ್ಯನ ಮೈ ಮೇಲೆ ಕೆಳಗಿನ ಕಂಪನಕ್ಕೆ ಅತ್ಯಂತ ಸೂಕ್ಷ್ಮವಾಗಿರುವುದು ಸೆಕೆಂಡಿಗೆ 4ರಿಂದ 8 ಸಲದ ಆಸುಪಾಸಿನಲ್ಲಿ. ಗಟ್ಟಿ ಶಾಕ್ ಹಾಕಿ ಇಂಟರ್‌ಲಾಕ್ ಕಲ್ಲಿನ ರಸ್ತೆಯಲ್ಲಿ ಓಡಿಸಿದರೆ ಬೆನ್ನಿಗೆ ಅದರ ಪಾಲು ಸಿಕ್ಕೇ ಸಿಗುತ್ತದೆ. ನಿಮ್ಮ ಜೊತೆ ಯಾರು ಕೂರುತ್ತಾರೆ?

ಕಟಪಾಡಿ ಕೂಪೆ
ಅಪ್ಪ. ಎಪ್ಪತ್ತೊಂದು ವರ್ಷ. ಕೂರಲು ಐದು ನಿಮಿಷ, ಏಳಲು ಹತ್ತು ನಿಮಿಷ. ಆದರೂ ಭಾನುವಾರ ನನಗಿಂತ ಮೊದಲೇ ಸಿದ್ಧರಾಗಿರುತ್ತಾರೆ.

ಬೋಲ್ಟ್ ಅವರೇ, ಟೈರ್ 2718. ಅಂದರೆ 2018. ಬೈಯಬೇಡಿ. ಇನ್ನೊಂದು ವಿಷಯ ಹೇಳಲು ಮರೆತಿದ್ದೆ. ಜುಲೈನಲ್ಲಿ ಎರಡು ಸಲ ಷಾಸಿ ವ್ಯವಸ್ಥೆಯಲ್ಲಿ ದೋಷ ಎಂಬ ಎಚ್ಚರಿಕೆ ಬಂದಿತ್ತು, ಗಾಡಿ ಒಣಗಿದ ಮೇಲೆ ತಾನೇ ಹೋಯಿತು.

ಬೈಕಂಪಾಡಿ ಬೋಲ್ಟ್
ಇಪ್ಪತ್ತು ಪೋಸ್ಟ್ ಆದ ಮೇಲೆ ಹೇಳುತ್ತೀರಲ್ಲ! ಜ್ವರ ಇದೆ ಎಂಬುದನ್ನು ಬಿಲ್ ಕೊಡುವಾಗ ಡಾಕ್ಟರಿಗೆ ಹೇಳಿದ ಹಾಗಾಯಿತು. ಮಳೆಗೆ ಬಂದು ಬಿಸಿಲಿಗೆ ಹೋಗುವ ದೋಷ ಎಂದರೆ ಎಲ್ಲೋ ಕನೆಕ್ಟರ್‌ಗೆ ನೀರು ಹೋಗುತ್ತಿದೆ. ಪಿನ್ ಹಸಿರಾಗಿರುತ್ತದೆ. ಅದನ್ನು ನೋಡದೆ ಹೊಸ ಶಾಕ್ ಹಾಕಿದರೆ ಹೊಸ ಶಾಕ್‌ಗೂ ಅದೇ ದೀಪ.

ಏಳು ವರ್ಷ ದಾಟಿದ ಟೈರ್‌ಗೆ ನಾನು ಬೈಯುವುದಿಲ್ಲ, ಆಗುಂಬೆಯ ಹದಿನಾಲ್ಕು ತಿರುವುಗಳೇ ಬೈಯುತ್ತವೆ. ಮೊದಲ ಖರ್ಚು ಅದಕ್ಕೆ. ಶಾಕ್ ಎರಡನೆಯದು.

ಕುಂದಾಪುರ ಕಸ್ಟಮ್ಸ್
ತರಿಸುವ ವಿಷಯ ನಾನು ಹೇಳುತ್ತೇನೆ, ಅದರಲ್ಲಿ ನನ್ನ ಕೈ ಸುಟ್ಟಿದೆ. ಒಮ್ಮೆ ಒಬ್ಬ ಮಾರಾಟಗಾರರು "ನಿಮ್ಮ ಗಾಡಿಗೇ ಆಗುತ್ತದೆ" ಎಂದು ಕಳುಹಿಸಿದ ಶಾಕ್ ಬೇರೆ ಮಾದರಿಯದ್ದಾಗಿತ್ತು. ವಾಪಸ್ ಕಳುಹಿಸುವ ಖರ್ಚು ಕೇಳಿ ಅದನ್ನು ಅಟ್ಟದ ಮೇಲೆ ಇಟ್ಟೆ, ಇನ್ನೂ ಅಲ್ಲಿದೆ. ಆದ್ದರಿಂದ ಷಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಾಳೆ ಮಾಡಿಸದೆ ದುಡ್ಡು ಹಾಕಬೇಡಿ. ಪಿಎಎಸ್‌ಎಂ ಇರುವ ಗಾಡಿಗೆ ಬೇರೆ, ಇಲ್ಲದ ಗಾಡಿಗೆ ಬೇರೆ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ. ಅದು ಸ್ವಲ್ಪ ಸಮಾಧಾನ. ಆದರೆ ಅದರ ಕೆಳಗೆ ಕಸ್ಟಮ್ಸ್ ಸುಂಕ ಕೂತಿರುತ್ತದೆ, ಸಾಗಣೆಯ ಖರ್ಚಿನ ಮೇಲೂ ಸುಂಕ ಬೀಳುತ್ತದೆ. ಶಾಕ್ ಭಾರದ ವಸ್ತು. ಟಾಪ್ ಮೌಂಟ್, ಬಂಪ್ ಸ್ಟಾಪ್, ಧೂಳಿನ ಕವರ್, ಒಮ್ಮೆ ಮಾತ್ರ ಬಳಸುವ ನಟ್ಟುಗಳು, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತರಿಸಿ. ಒಂದು ನಟ್ಟಿಗಾಗಿ ಗಾಡಿ ಮೂರು ವಾರ ಸ್ಟ್ಯಾಂಡ್ ಮೇಲೆ ಕುಳಿತದ್ದನ್ನು ನೋಡಿದ್ದೇನೆ.

ಕಿನ್ನಿಗೋಳಿ ಕ್ಲಚ್
ಇದೆಲ್ಲ ಮಾಡಿದರೆ ಆರ್‌ಟಿಒ ಹಿಡಿಯುವುದಿಲ್ಲವೇ?

ಕುಂದಾಪುರ ಕಸ್ಟಮ್ಸ್
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯ ಬಗ್ಗೆ. ಸವೆದ ಶಾಕ್ ತೆಗೆದು ಅದೇ ಜಾಗಕ್ಕೆ, ಅದೇ ಎತ್ತರಕ್ಕೆ ಹೊಸ ಶಾಕ್ ಹಾಕುವುದು ದುರಸ್ತಿ. ಆದರೂ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿಡಿ, ಬಿಲ್ ಜೋಪಾನ.

ಕಟಪಾಡಿ ಕೂಪೆ
ವರದಿ. ನಿನ್ನೆ ಗಾಡಿ ಎತ್ತಿಸಿದೆ. ಮೆಕ್ಯಾನಿಕ್ ಒಂದು ಗಂಟೆ ಮಾತಾಡದೆ ನೋಡಿದರು, ಆ ಮೌನಕ್ಕೇ ನನ್ನ ಬಿಪಿ ಏರಿತ್ತು.

ಬೋಲ್ಟ್ ಹೇಳಿದ್ದು ಸರಿ. ಮುಂದಿನ ಎಡ ಕಾಫಿನ್ ಆರ್ಮ್‌ನ ಬುಶ್ ಅರ್ಧ ಹರಿದಿದೆ, 'ಟಕ್' ಅಲ್ಲಿಂದಲೇ. ಹಿಂದಿನ ಬಲ ಶಾಕ್ ಪೂರ್ತಿ ಸೋರಿದೆ, ಹಿಂದಿನ ಎಡ ಬೆವರುತ್ತಿದೆ. ಹಿಂದಿನ ಶಾಕ್‌ನ ತಲೆ ನೋಡಲು ಡಿಕ್ಕಿಯ ಕಾರ್ಪೆಟ್ ಬಿಚ್ಚಿದಾಗ ಬಲಗಡೆಯ ಕನೆಕ್ಟರ್ ಹಸಿರು, ಥೇಟ್ ಹಿತ್ತಲಿನ ಬಾವಿಕಟ್ಟೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಸಡಿಲವಾಗಿ ನೀರು ಇಳಿದಿತ್ತು. ಪಿನ್ ಶುಚಿ ಮಾಡಿದ ಮೇಲೆ ಸ್ಪೋರ್ಟ್ ಗುಂಡಿಗೆ ಸ್ವಲ್ಪ ಜೀವ ಬಂದಿದೆ. ಮುಂದಿನ ಎರಡು ಶಾಕ್ ಸೋರಿಲ್ಲ, ಒಣಗಿಯೇ ಇವೆ.

ಈಗ ಪ್ರಶ್ನೆ: ಹಿಂದಿನ ಎರಡು ಮಾತ್ರವೋ, ನಾಲ್ಕೂ ಹಾಕಿಸಲೋ?

ಸೋಮೇಶ್ವರ ಸ್ಟೀರಿಂಗ್
ಹಸಿರು ಪಿನ್. ನಾನು ಹೇಳಿರಲಿಲ್ಲವೇ?

ಸುರತ್ಕಲ್ ಸ್ಪ್ರಿಂಗ್
ಪಿನ್ ಹಸಿರಾದದ್ದು ಬೀಡಿಂಗ್‌ನಿಂದ. ಸಾದಾ ಶಾಕ್ ಹಾಕಿಸಿದ್ದರೆ ನೀರು ನಿಲ್ಲುತ್ತಿತ್ತೇ? ಮೇಲಾಗಿ ಪಿಎಎಸ್‌ಎಂ ಗಾಡಿಗೆ ಸಾದಾ ಶಾಕ್ ಹಾಕಿದರೆ ಕಂಪ್ಯೂಟರ್ ಕವಾಟಗಳನ್ನು ಹುಡುಕುತ್ತಲೇ ಇರುತ್ತದೆ, ಅದನ್ನು ಕೋಡಿಂಗ್ ಮಾಡಿ ಅಥವಾ ನಕಲಿ ಪ್ಲಗ್ ಹಾಕಿ ಸುಮ್ಮನಾಗಿಸಬೇಕು. ನಿಮ್ಮ 'ಸರಳ'ದಲ್ಲಿ ಇದೂ ಸೇರಿದೆ.

ಎರಡೋ ನಾಲ್ಕೋ ಎಂಬುದಕ್ಕೆ: ಒಂದೇ ಆಕ್ಸಲ್‌ನ ಜೋಡಿ ಕಡ್ಡಾಯ. ನಾಲ್ಕೂ ಹಾಕಿಸಿದರೆ ಉತ್ತಮ. ಮಧ್ಯದಲ್ಲಿ ಎಂಜಿನ್ ಇರುವ ಗಾಡಿ, ಹಿಂದೆ ಹೊಸ ಬಿ6, ಮುಂದೆ ಹದಿನೈದು ವರ್ಷದ ಮೂಲ ಶಾಕ್ ಎಂದರೆ ಮುಂದಿನದು ಒಂದು ಹಾಡು, ಹಿಂದಿನದು ಇನ್ನೊಂದು ಹಾಡು. ಅಪ್ಪ ಪಕ್ಕದಲ್ಲಿರುವಾಗ ಒದ್ದೆ ಘಾಟಿಯಲ್ಲಿ ಅದು ಬೇಡ.

ಅಬುಧಾಬಿಯಿಂದ ಅಣ್ಣ
ನಾಲ್ಕು. ಆಮೇಲೆ ಆಸೆ ಹೆಚ್ಚಿದರೆ ಡಿಎಸ್‌ಸಿ ಸ್ಪೋರ್ಟ್ ಎಂಬ ಕಂಟ್ರೋಲರ್ ಇದೆ. ಪಿಎಎಸ್‌ಎಂ ಕಂಪ್ಯೂಟರ್ ತೆಗೆದು ಅದನ್ನು ಸಿಕ್ಕಿಸುವುದು, ಮೆದು ಗಟ್ಟಿಯ ನಕ್ಷೆಯನ್ನು ಲ್ಯಾಪ್‌ಟಾಪ್‌ನಲ್ಲಿ ಬರೆದುಕೊಳ್ಳಬಹುದು.

ಬೈಕಂಪಾಡಿ ಬೋಲ್ಟ್
ಅಣ್ಣಾ, ಅವರಿಗೆ ಲ್ಯಾಪ್‌ಟಾಪ್ ಬೇಡ, ಬೀಡಿಂಗ್ ಬೇಕು.

ಕೂಪೆಯವರೇ, ಕ್ರಮ ಹೀಗಿರಲಿ. ಬೀಡಿಂಗ್ ಮತ್ತು ಕನೆಕ್ಟರ್ ಈ ವಾರವೇ, ಅದಕ್ಕೆ ಸಾವಿರಗಳ ಲೆಕ್ಕ, ಲಕ್ಷದ್ದಲ್ಲ. ಟೈರ್ ಮತ್ತು ಎರಡೂ ಬದಿಯ ಕಾಫಿನ್ ಆರ್ಮ್ ಆಮೇಲೆ. ಶಾಕ್ ಪೆಟ್ಟಿಗೆ ಬಂದ ದಿನ ನಾಲ್ಕನ್ನೂ ಟಾಪ್ ಮೌಂಟ್ ಸಮೇತ. ಬುಶ್‌ಗಳ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಹಾಕಿಸಿ. ನೇತಾಡುವಾಗ ಬಿಗಿದರೆ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್, ನಾಲ್ಕೂ ಚಕ್ರದ್ದು.

ಮಣಿಪಾಲದ ಮೂಳೆ ವೈದ್ಯ
ಮತ್ತು ಅಪ್ಪ ಕೂರುವಾಗ ಸ್ಪೋರ್ಟ್ ಗುಂಡಿ ಒತ್ತಬೇಡಿ.

ಕಟಪಾಡಿ ಕೂಪೆ
ಒತ್ತುವುದು ಅವರೇ ಡಾಕ್ಟ್ರೇ. ದೀಪ ಹತ್ತುವುದನ್ನು ನೋಡಲು.

ಸರಿ, ಬಿ6 ಡ್ಯಾಂಪ್‌ಟ್ರಾನಿಕ್, ನಾಲ್ಕು. ಮೂಲ ಶಾಕ್‌ನ ಬೆಲೆಯನ್ನೂ ಕೇಳಿದೆ, ಹೆಚ್ಚಿತ್ತು. ಎತ್ತರ ಬದಲಾಗುವುದಿಲ್ಲ ಎಂಬುದು ಬಿ6ನ ಇನ್ನೊಂದು ಕಾರಣ. ಷಾಸಿ ನಂಬರ್ ತಾಳೆಗೆ ಕಳುಹಿಸಿದ್ದೇನೆ. ಬಜೆಟ್ ಟೈರ್‌ನಿಂದಾಗಿ ಸ್ವಲ್ಪ ಹರಿಯಿತು, ಮನೆಯಲ್ಲಿ ಇನ್ನೂ ಹೇಳಿಲ್ಲ. ಸೋಮೇಶ್ವರದವರೇ, ಹಾಕಿಸಿದ ಮೇಲೆ ಒಂದು ಭಾನುವಾರ ಬನ್ನಿ, ನಿಮ್ಮ ಝಡ್ ನಾನು ಓಡಿಸುತ್ತೇನೆ, ಇದನ್ನು ನೀವು ಓಡಿಸಿ.

ಸೋಮೇಶ್ವರ ಸ್ಟೀರಿಂಗ್
ಬರುತ್ತೇನೆ. ಮೆಚ್ಚಿದರೂ ಇಲ್ಲಿ ಬರೆಯುವುದಿಲ್ಲ.

ಸುರತ್ಕಲ್ ಸ್ಪ್ರಿಂಗ್
ಹಳೆಯ ಶಾಕ್ ಗುಜರಿಗೆ ಹಾಕುವುದಾದರೆ ಸೋರಿದ ಒಂದನ್ನು ನನಗೆ ಕೊಡುತ್ತೀರಾ? ಒಳಗಿನ ಕವಾಟವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು. ಮನೆಯಲ್ಲಿ ಯಾರೂ ಅದನ್ನು ಕೊರೆಯಬೇಡಿ, ಒಳಗೆ ಗ್ಯಾಸ್ ಒತ್ತಡದಲ್ಲಿರುತ್ತದೆ.

ಕಟಪಾಡಿ ಕೂಪೆ
ಒಂದು ನಿಮಗೆ. ಉಳಿದ ಮೂರರಲ್ಲಿ ಒಂದಕ್ಕೆ ಅಪ್ಪ ಈಗಾಗಲೇ ಹೆಸರು ಹಚ್ಚಿದ್ದಾರೆ. ತೋಟದ ಗೇಟ್ ಗಾಳಿಗೆ ಬಡಿಯುತ್ತದೆಯಂತೆ, ಅದಕ್ಕೆ ಕಟ್ಟುತ್ತಾರಂತೆ.

ಮಲ್ಪೆ ಬಂಗುಡೆ
ಗೇಟ್‌ನ ಸ್ಪೋರ್ಟ್ ಗುಂಡಿ ಯಾವ ಕಂಬದಲ್ಲಿ ಇಡುತ್ತೀರಿ?